ಬಹುಮತಕ್ಕೂ ಒಂದು ಎಲ್ಲೆ

ಹೆಚ್ಚು ಮಂದಿ ಒಪ್ಪಿದ ಮಾತ್ರಕ್ಕೆ ಒಂದು ಕಾರ್ಯ ನ್ಯಾಯವಾಗುವುದೇ? ಪ್ರಜಾಪ್ರಭುತ್ವದಲ್ಲಿ ಬಾಳುವ ನಾವು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅಪರೂಪ. ಮತ ಎಣಿಕೆಯಾಯಿತು, ಫಲಿತಾಂಶ ಬಂದಿತು, ಅಲ್ಲಿಗೆ ವಾದ ಮುಗಿಯಿತು ಎಂಬುದೇ ನಮ್ಮ ರೂಢಿಯಾಗಿದೆ. ಬಲಪ್ರಯೋಗಕ್ಕಿಂತ ಮತದಾನ ಲೇಸೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮತಪೆಟ್ಟಿಗೆಯು ಯಾರು ಆಳಬೇಕೆಂಬುದನ್ನು ತಿಳಿಸಬಲ್ಲುದೇ ಹೊರತು, ಆಳುವವರು ಯಾವುದನ್ನು ಮುಟ್ಟಕೂಡದು ಎಂಬುದನ್ನು ತಿಳಿಸಲಾರದು.

ಇದಕ್ಕೆ ಚರಿತ್ರೆಯಲ್ಲಿ ಸ್ಪಷ್ಟವಾದ ನಿದರ್ಶನವೊಂದಿದೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 1922ರ ನವೆಂಬರ್ ತಿಂಗಳಲ್ಲಿ ಒಂದು ಕಾನೂನನ್ನು ನೇರವಾಗಿ ಜನರ ಮತಕ್ಕೆ ಇಡಲಾಯಿತು. 8ರಿಂದ 16 ವರ್ಷದೊಳಗಿನ ಮಕ್ಕಳು, ಕೆಲವು ವಿನಾಯಿತಿಗಳ ಹೊರತು, ಸರ್ಕಾರಿ ಶಾಲೆಗೇ ಹೋಗತಕ್ಕದ್ದು ಎಂಬುದು ಅದರ ಸಾರ. ಕು ಕ್ಲಕ್ಸ್ ಕ್ಲಾನ್ ಎಂಬ ಜನಾಂಗದ್ವೇಷಿ ಸಂಘಟನೆ ಅದರ ಬೆನ್ನಿಗೆ ನಿಂತಿತ್ತು. ಕಥೋಲಿಕರ ಮಕ್ಕಳನ್ನೂ ವಲಸೆ ಬಂದವರ ಮಕ್ಕಳನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯಬೇಕೆಂಬ ಹಂಬಲ ಅದರ ಹಿಂದಿತ್ತು. ಸುಮಾರು 1,15,000 ಮಂದಿ ಪರವಾಗಿಯೂ 1,03,000 ಮಂದಿ ವಿರುದ್ಧವಾಗಿಯೂ ಮತ ನೀಡಿದರು. ಕಾನೂನು ಅಂಗೀಕಾರವಾಯಿತು. 1926ರ ಸೆಪ್ಟೆಂಬರ್‌ನಲ್ಲಿ ಅದು ಜಾರಿಗೆ ಬಂದಿದ್ದರೆ ಅಲ್ಲಿನ ಕಥೋಲಿಕ ಶಾಲೆಗಳ ಬಾಗಿಲು ಮುಚ್ಚಬೇಕಾಗುತ್ತಿತ್ತು.

ಇಲ್ಲಿ ಕಾನೂನು ಹೇರಿದವನು ಸರ್ವಾಧಿಕಾರಿಯಲ್ಲ. ನೆರೆಹೊರೆಯವರೇ ಮತ ಚಲಾಯಿಸಿ ನೆರೆಮನೆಯ ತಂದೆತಾಯಿಗಳ ಹಕ್ಕನ್ನು ಕಸಿದುಕೊಂಡಿದ್ದರು. ಯೇಸು ಮರಿಯರ ಪವಿತ್ರ ನಾಮಗಳ ಸಭೆಯ ಧರ್ಮಭಗಿನಿಯರು ನ್ಯಾಯಾಲಯದ ಮೊರೆಹೊಕ್ಕರು. ಧರ್ಮದ ಸೋಂಕಿಲ್ಲದ ಖಾಸಗಿ ಸೈನಿಕ ಶಾಲೆಯೊಂದು ಸಹ ದಾವೆ ಹೂಡಿತು. ಯೆಹೂದ್ಯರ ಸಂಸ್ಥೆಯೊಂದು ಭಗಿನಿಯರ ಬೆಂಬಲಕ್ಕೆ ನಿಂತು ವಾದ ಮಂಡಿಸಿತು. 1925ರ ಜೂನ್ 1ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಒಮ್ಮತದಿಂದ ಆ ಕಾನೂನನ್ನು ತಳ್ಳಿಹಾಕಿತು. ಮಗು ಸರ್ಕಾರದ ಸೃಷ್ಟಿಯಲ್ಲ. ಅದನ್ನು ಸಾಕಿ ಸಲಹುವವರಿಗೆ ಅದರ ಬಾಳನ್ನು ರೂಪಿಸುವ ಹಕ್ಕೂ ಹೊಣೆಯೂ ಇದೆ ಎಂಬುದು ತೀರ್ಪಿನ ತಿರುಳು. ಆದರೂ ಶಾಲೆಗಳನ್ನು ತಪಾಸಣೆ ಮಾಡುವ, ಮಕ್ಕಳು ಯಾವುದಾದರೂ ಶಾಲೆಗೆ ಹೋಗಲೇಬೇಕೆಂದು ವಿಧಿಸುವ ಸರ್ಕಾರದ ಅಧಿಕಾರವನ್ನು ನ್ಯಾಯಾಲಯ ಅಲ್ಲಗಳೆಯಲಿಲ್ಲ. ಜಗದ್ಗುರು ಹನ್ನೊಂದನೇ ಪಿಯುಸ್ 1929ರಲ್ಲಿ ಕ್ರೈಸ್ತ ಶಿಕ್ಷಣವನ್ನು ಕುರಿತು ಬರೆದ ವಿಶ್ವಪತ್ರದಲ್ಲಿ ಈ ತೀರ್ಪನ್ನು ಸ್ಮರಿಸಿದ್ದಾರೆ.

ಸರ್ಕಾರದ ಕೈ ಎಷ್ಟು ದೂರ ಚಾಚಬಹುದೆಂಬ ಪ್ರಶ್ನೆಯನ್ನು ಅತ್ಯಂತ ಕಟುವಾಗಿ ಎತ್ತಿದವರು ಲಿಬರ್ಟೇರಿಯನ್ ಎಂದು ಕರೆಸಿಕೊಳ್ಳುವ ವ್ಯಕ್ತಿಸ್ವಾತಂತ್ರ್ಯವಾದಿಗಳು. ಅವರಲ್ಲಿ ಪ್ರಮುಖನಾದ ಅಮೆರಿಕದ ತತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಬ್ಬ ಗುಲಾಮನ ಕಥೆಯನ್ನು ಹೇಳುತ್ತಾನೆ. ಮೊದಲು ಅವನಿಗೆ ಒಬ್ಬ ಕ್ರೂರ ಒಡೆಯನಿದ್ದ. ಬರಬರುತ್ತ ಒಡೆಯ ಮೃದುವಾದ. ಕೊನೆಗೆ ಹತ್ತು ಸಾವಿರ ಮಂದಿ ಒಡೆಯರಾಗಿ, ಗುಲಾಮನು ಏನು ಮಾಡಬೇಕೆಂಬುದನ್ನು ಮತ ಹಾಕಿ ನಿರ್ಧರಿಸತೊಡಗಿದರು. ಅವನಿಗೂ ಒಂದು ಮತ ಕೊಟ್ಟರು. ಹಾಗಾದರೆ ಯಾವ ಘಟ್ಟದಲ್ಲಿ ಅವನು ಗುಲಾಮನಾಗಿರುವುದು ತಪ್ಪಿತು? ಒರೆಗಾನ್‌ನ ಕಥೋಲಿಕರಿಗೂ ಒಂದೊಂದು ಮತವಿತ್ತು ಎಂಬುದನ್ನು ನೆನೆದರೆ ಈ ಪ್ರಶ್ನೆಯ ಮೊನೆ ನಮಗೆ ತಾಗುತ್ತದೆ. ಹಿಂಸೆ, ಕಳವು, ವಂಚನೆಗಳಿಂದ ಪ್ರಜೆಗಳನ್ನು ಕಾಪಾಡಿ, ಒಪ್ಪಂದಗಳು ನೆರವೇರುವಂತೆ ನೋಡಿಕೊಂಡರೆ ಸರ್ಕಾರದ ಕೆಲಸ ಮುಗಿಯಿತು ಎಂಬುದು ನೋಜಿಕ್‌ನ ಅಂದಿನ ನಿಲುವು.

ಆದರೆ ಎಲ್ಲೆ ಬೇಕೆಂದು ಒಪ್ಪಿದ ಕೂಡಲೇ ಅವರು ಗೆರೆ ಎಳೆದ ಸ್ಥಳವನ್ನೂ ಒಪ್ಪಬೇಕೆಂದಿಲ್ಲ. ಒರೆಗಾನ್ ತೀರ್ಪಿಗೆ ಎರಡು ವರ್ಷ ಮೊದಲು, 1923ರಲ್ಲಿ, ಅದೇ ನ್ಯಾಯಾಲಯವು ರಾಜಧಾನಿ ವಾಷಿಂಗ್ಟನ್‌ನಲ್ಲಿ ದುಡಿಯುವ ಸ್ತ್ರೀಯರಿಗೆ ಕನಿಷ್ಠ ಕೂಲಿಯನ್ನು ಗೊತ್ತುಪಡಿಸಿದ್ದ ಕಾನೂನನ್ನು ರದ್ದುಗೊಳಿಸಿತ್ತು. ಧಣಿಯೂ ಕೆಲಸಗಾರ್ತಿಯೂ ತಮಗೆ ಬೇಕಾದಂತೆ ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯಕ್ಕೆ ಧಕ್ಕೆಯಾಗುವುದೆಂಬುದು ಅಂದಿನ ಕಾರಣ. ಒರೆಗಾನ್ ತೀರ್ಪನ್ನು ಬರೆದ ನ್ಯಾಯಮೂರ್ತಿ ಮೆಕ್‌ರೆನಾಲ್ಡ್ಸ್ ಆ ಪಕ್ಷದಲ್ಲಿಯೂ ಇದ್ದರು. ತಂದೆತಾಯಿಗಳನ್ನು ಕಾಪಾಡಿದ ಅದೇ ಸ್ವಾತಂತ್ರ್ಯದ ವಾದವು ಬಡ ಹೆಂಗಸಿನ ಕೈಬಿಟ್ಟಿತು. 1937ರಲ್ಲಿ ನ್ಯಾಯಾಲಯವೇ ಈ ನಿಲುವನ್ನು ತೊರೆಯಿತು. ಹಸಿವು ಬೆನ್ನಟ್ಟಿದಾಗ ಮಾಡಿಕೊಂಡ ಒಪ್ಪಂದವು ನಿಜವಾದ ಒಪ್ಪಿಗೆಯಲ್ಲವೆಂದು ಜಗದ್ಗುರು ಹದಿಮೂರನೇ ಲಿಯೋ 1891ರಷ್ಟು ಹಿಂದೆಯೇ ಎಚ್ಚರಿಸಿದ್ದರು.

ಹಾಗಾದರೆ ಗೆರೆಯನ್ನು ಎಲ್ಲಿ ಎಳೆಯಬೇಕು? ಧರ್ಮಸಭೆಯು 1931ರಲ್ಲಿ ಕೊಟ್ಟ ಉತ್ತರ ಸರಳವಾದುದು. ಕುಟುಂಬ, ಊರು, ಸಂಘಸಂಸ್ಥೆಗಳು ತಾವೇ ಮಾಡಬಲ್ಲ ಕಾರ್ಯವನ್ನು ಮೇಲಿನ ಅಧಿಕಾರ ಕಸಿದುಕೊಳ್ಳುವುದು ಅನ್ಯಾಯ. ಅವುಗಳ ಕೈಲಾಗದಿದ್ದಾಗ ನೆರವಿಗೆ ಬರುವುದು ಅದರ ಕರ್ತವ್ಯ. ವ್ಯಕ್ತಿಸ್ವಾತಂತ್ರ್ಯವಾದಿಗೆ ಒಂದು ಕಡೆ ಒಂಟಿ ಮನುಷ್ಯ, ಇನ್ನೊಂದು ಕಡೆ ಸರ್ಕಾರ ಮಾತ್ರ ಎದ್ದು ಕಾಣುತ್ತವೆ. ಒರೆಗಾನ್‌ನಲ್ಲಿ ಗೆದ್ದದ್ದು ಒಂಟಿ ಮನುಷ್ಯನಲ್ಲ. ಮನೆ, ಮಠ, ಶಾಲೆ ಎಂಬ ನಡುವಣ ಬಾಂಧವ್ಯಗಳು. ಅವು ಉಳಿಯಬೇಕಾದರೆ ಸರ್ಕಾರಕ್ಕೆ ಮಿತಿಯೂ ಬೇಕು, ದುರ್ಬಲರ ಪಾಲಿಗೆ ಅದರ ಆಸರೆಯೂ ಬೇಕು.

ಈ ವಿವೇಕ ನಮ್ಮ ದೇಶಕ್ಕೂ ಹೊಸದಲ್ಲ. ಕನ್ನಡದ ನೆಲವೇ ಆದ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠವು 7 ಮತ್ತು 6ರ ಅಂತರದಲ್ಲಿ ತೀರ್ಪು ನೀಡಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು. ಆದರೆ ಎಷ್ಟೇ ದೊಡ್ಡ ಬಹುಮತವಿದ್ದರೂ ಅದರ ಮೂಲಸ್ವರೂಪವನ್ನು ಕೆಡಿಸಲಾಗದು. ಸ್ವಾಮೀಜಿಯವರಿಗೆ ಭೂಮಿಯ ವಿಚಾರದಲ್ಲಿ ಬಯಸಿದ ಪರಿಹಾರ ಸಿಗಲಿಲ್ಲ; ಗೇಣಿದಾರನಿಗೆ ನೆರವಾಗುವ ಸರ್ಕಾರದ ಹೊಣೆಯೂ ಉಳಿಯಿತು, ಸರ್ಕಾರದ ಮಿತಿಯೂ ಉಳಿಯಿತು. ಹಿಂದೂ ಮಠಾಧೀಶರೊಬ್ಬರ ಹೆಸರಿನ ಆ ತೀರ್ಪು ಇಂದು ಎಲ್ಲ ಧರ್ಮದವರಿಗೂ ರಕ್ಷಣೆ. ನಮ್ಮ ಶಾಲೆಗಳಿಗೆ ಆಧಾರವಾದ ಸಂವಿಧಾನದ 30ನೇ ವಿಧಿಯೂ ಇದೇ ಭಾವನೆಯಿಂದ ಹುಟ್ಟಿದ್ದು.

ಪ್ರಿಯ ಓದುಗರೇ, ಕಡಿಮೆ ಸಂಖ್ಯೆಯಲ್ಲಿರುವವರಿಗೆ ಎಲ್ಲೆಯ ಬೆಲೆ ಬೇಗ ತಿಳಿಯುತ್ತದೆ. ನಮ್ಮ ನಿಜವಾದ ಪರೀಕ್ಷೆ ನಡೆಯುವುದು ನಾವೇ ಹೆಚ್ಚು ಮಂದಿ ಇರುವ ಸ್ಥಳದಲ್ಲಿ. ಧರ್ಮಕೇಂದ್ರದ ಪಾಲನಾ ಸಭೆಯಲ್ಲಿ ಕೈಯೆತ್ತಿದವರು ಹೆಚ್ಚಿದ್ದಾರೆಂದು, ಕೆಲವೇ ಕುಟುಂಬಗಳು ತಮ್ಮ ನುಡಿಯಲ್ಲಿ ಪ್ರಾರ್ಥಿಸುವ ಅವಕಾಶವನ್ನು ನಾವು ತೆಗೆದುಹಾಕುತ್ತೇವೆಯೇ? ಬಡ ಮನೆಗಳಿಗೆ ಹೊರೆಯಾಗುವ ವಂತಿಗೆಯನ್ನು, ಉಳ್ಳವರೆಲ್ಲ ಒಪ್ಪಿದರೆಂಬ ಕಾರಣಕ್ಕೆ ವಿಧಿಸುತ್ತೇವೆಯೇ? ಮನೆಯಲ್ಲಿ ಅಣ್ಣತಮ್ಮಂದಿರು ಒಂದಾದರೆಂದು ವಿಧವೆ ಅತ್ತಿಗೆಯ ಪಾಲನ್ನು ಮರೆಯುತ್ತೇವೆಯೇ? ಸರ್ಕಾರದಿಂದ ನಾವು ಬೇಡುವ ಸಂಯಮವನ್ನು ಈ ಸಣ್ಣ ಸಭೆಗಳಲ್ಲಿ ನಾವೇ ಪಾಲಿಸಬೇಕಾಗಿದೆ. ಇನ್ನು ಮುಂದೆ ಮತ ಎಣಿಸುವ ಮೊದಲು, ಸೋಲಲಿರುವವರ ಯಾವ ಹಕ್ಕು ನಮ್ಮ ಮತಕ್ಕೆ ಒಳಪಡದು ಎಂಬುದನ್ನು ಕೇಳಿಕೊಳ್ಳುವ ರೂಢಿಯನ್ನು ಬೆಳೆಸಿಕೊಳ್ಳೋಣ.