ಮಳೆ: ಅನುಗ್ರಹ ಮತ್ತು ಹೊಣೆ



ದೇವನಹಳ್ಳಿಯಿಂದ ಬಳ್ಳಾರಿ ರಸ್ತೆಯಲ್ಲಿ ಚಿಕ್ಕಬಳ್ಳಾಪುರದ ಕಡೆಗೆ ಸಾಗುವವರಿಗೆ ಆವತಿ ಬೆಟ್ಟ ಎದುರಾಗುತ್ತದೆ. ಅದರಾಚೆ ನಂದಿ ಬೆಟ್ಟಗಳ ಸಾಲು. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ನದಿಗಳು ಹುಟ್ಟುವುದು ಈ ಬೆಟ್ಟಗಳ ಆಸುಪಾಸಿನಲ್ಲೇ. ಆದರೂ ಈ ಸೀಮೆಯಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿಯಿಲ್ಲ. ಇಲ್ಲಿನ ರಾಗಿಯ ಹೊಲ, ದ್ರಾಕ್ಷಿಯ ಚಪ್ಪರ, ಕೆರೆ, ಬಾವಿ ಎಲ್ಲವೂ ಕೊನೆಗೆ ಆಕಾಶದ ಕಡೆಗೇ ಮುಖ ಮಾಡಿವೆ. ಹೀಗಿರುವಾಗ ಮಳೆ ಹೇಗೆ ಬರುತ್ತದೆ, ಬಂದ ಮಳೆ ನಮ್ಮ ಮೇಲೆ ಯಾವ ಹೊಣೆಯನ್ನು ಹೊರಿಸುತ್ತದೆ ಎಂದು ನಾವು ಎಂದಾದರೂ ಚಿಂತಿಸಿದ್ದೇವೆಯೇ?

ಪವಿತ್ರ ಕುರ್‌ಆನ್ ಮಳೆಯನ್ನು ಮತ್ತೆ ಮತ್ತೆ ದೃಷ್ಟಾಂತವಾಗಿ ನಮ್ಮ ಮುಂದಿಡುತ್ತದೆ. ‘ಅನ್ನೂರ್’ ಅಧ್ಯಾಯದ 43ನೆಯ ಸೂಕ್ತವು ಮೋಡಗಳು ಚಲಿಸಿ ಒಂದುಗೂಡಿ ರಾಶಿಯಾಗುವುದನ್ನೂ, ಅವುಗಳೊಳಗಿಂದ ಮಳೆ ಹೊರಬರುವುದನ್ನೂ, ಆಲಿಕಲ್ಲು ಕೆಲವರ ಮೇಲೆ ಬಿದ್ದು ಕೆಲವರನ್ನು ಬಿಟ್ಟುಹೋಗುವುದನ್ನೂ ಗಮನಿಸಲು ಹೇಳುತ್ತದೆ. ಕಣ್ಣು ತೆರೆದು ನೋಡುವುದೂ ಆರಾಧನೆಯ ಒಂದು ಭಾಗವೇ.

ಹಾಗಾದರೆ ನೋಡೋಣ. ಬಿಸಿಲಿಗೆ ಸಮುದ್ರ, ಕೆರೆ, ಹಸಿ ನೆಲಗಳಿಂದ ನೀರು ಆವಿಯಾಗಿ ಗಾಳಿಯೊಡನೆ ಮೇಲೇರುತ್ತದೆ. ಮೇಲೇರಿದಂತೆ ಗಾಳಿ ತಣ್ಣಗಾಗುತ್ತದೆ. ಆಗ ಆವಿಯು ಧೂಳಿನ ಅಥವಾ ಸಮುದ್ರದ ಉಪ್ಪಿನ ಸೂಕ್ಷ್ಮ ಕಣಗಳನ್ನು ಆಶ್ರಯಿಸಿ ನೀರಾಗುತ್ತದೆ. ಹೀಗೆ ಹುಟ್ಟುವ ಮೋಡದ ಹನಿಯ ಅಡ್ಡಳತೆ ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು ಮಾತ್ರ. ಅದು ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರ್ ವೇಗದಲ್ಲಿ ಇಳಿಯುತ್ತದೆ. ಮೇಲೇಳುವ ಗಾಳಿ ಅದನ್ನು ಸುಲಭವಾಗಿ ಎತ್ತಿ ಹಿಡಿಯುತ್ತದೆ. ಎರಡು ಮಿಲಿಮೀಟರಿನ ಒಂದು ಮಳೆಹನಿಯಾಗಲು ಇಂತಹ ಸುಮಾರು ಹತ್ತು ಲಕ್ಷ ಹನಿಗಳ ನೀರು ಬೇಕು! ಅವು ಒಂದಕ್ಕೊಂದು ತಾಗಿ ಕೂಡಿಕೊಂಡು ಭಾರವಾದಾಗ ಮಾತ್ರ ನೆಲಕ್ಕೆ ಬೀಳುತ್ತವೆ.

ಎತ್ತರದ ಮೋಡಗಳಲ್ಲಿ ಇನ್ನೊಂದು ಬಗೆ ನಡೆಯುತ್ತದೆ. ಅಲ್ಲಿ ಶೂನ್ಯಕ್ಕಿಂತ ಕಡಿಮೆ ಉಷ್ಣತೆಯಲ್ಲೂ ಎಷ್ಟೋ ಹನಿಗಳು ಹೆಪ್ಪುಗಟ್ಟದೆ ನೀರಾಗಿಯೇ ಇರುತ್ತವೆ. ಅವುಗಳ ನಡುವೆ ಮೂಡಿದ ಹಿಮದ ಹರಳು ಸುತ್ತಲಿನ ಆವಿಯನ್ನು ಹೀರಿ ಬೆಳೆಯುತ್ತದೆ. ಕಾಶ್ಮೀರದ ಚಳಿಗಾಲದಲ್ಲಿ ಅದು ಹಿಮವಾಗಿಯೇ ಇಳಿಯುತ್ತದೆ. ನಮ್ಮಲ್ಲಿ ಬೆಚ್ಚನೆಯ ಗಾಳಿಗೆ ಕರಗಿ ಮಳೆಯಾಗುತ್ತದೆ. ನಮ್ಮ ಗುಡುಗು ಮಳೆಯ ಎಷ್ಟೋ ಹನಿಗಳು ಮೇಲೆ ಹಿಮವಾಗಿದ್ದವೇ! ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಮೇಲೇಳುವ ಗಾಳಿ ಬಿರುಸಾಗಿದ್ದರೆ, ಮಂಜುಗಡ್ಡೆಯ ಉಂಡೆಗಳು ಮೋಡದೊಳಗೇ ತೇಲುತ್ತಾ, ಪದರ ಪದರವಾಗಿ ದಪ್ಪಗಾಗಿ ಆಲಿಕಲ್ಲಾಗುತ್ತವೆ. ಕೊಯ್ಲಿಗೆ ಬಂದ ದ್ರಾಕ್ಷಿ ಗೊಂಚಲು ಅರ್ಧ ಗಂಟೆಯಲ್ಲಿ ಮಣ್ಣುಪಾಲಾದ ದುಃಖವನ್ನು ಈ ಭಾಗದ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಮಳೆ ಕಂಡಾಗ ಪ್ರವಾದಿ(ಸ)ಯವರು ಅದು ಪ್ರಯೋಜನಕಾರಿ ಮಳೆಯಾಗಲೆಂದು ಪ್ರಾರ್ಥಿಸುತ್ತಿದ್ದುದರ ಮರ್ಮ ಇಲ್ಲಿ ತಿಳಿಯುತ್ತದೆ.

ವಿಜ್ಞಾನ ಇಷ್ಟನ್ನು ತಿಳಿಸಿದ ಮೇಲೆ ಮಳೆಯನ್ನು ದೇವಾನುಗ್ರಹವೆನ್ನುವುದೇಕೆ ಎಂದು ಕೆಲವರು ಕೇಳಬಹುದು. 2017ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯ ಸರ್ಕಾರವು ಬೆಂಗಳೂರಿನ ಜಕ್ಕೂರಿನಿಂದ ವಿಮಾನದ ಮೂಲಕ ಮೋಡಬಿತ್ತನೆ ಆರಂಭಿಸಿತು. ಮೋಡಬಿತ್ತನೆಯೆಂದರೆ ಹನಿ ಅಥವಾ ಹರಳು ಬೆಳೆಯಲು ಆಸರೆಯಾಗುವ ಕಣಗಳನ್ನು ಮೋಡದಲ್ಲಿ ಚೆಲ್ಲುವುದು. ಅದು ಶ್ಲಾಘನೀಯ ಪ್ರಯತ್ನವೇ. ಆದರೆ ಬಿತ್ತಲು ಮೊದಲು ಮೋಡವಿರಬೇಕಲ್ಲವೇ? ಬರಿಯ ನೀಲಿ ಆಕಾಶದಲ್ಲಿ ಬಿತ್ತಿ ಬೆಳೆ ತೆಗೆಯಲು ಯಾರಿಂದಲೂ ಸಾಧ್ಯವಿಲ್ಲ. ನಿಯಮವನ್ನು ಅರಿತವನು ನಿಯಮ ರೂಪಿಸಿದವನಿಗೆ ಇನ್ನಷ್ಟು ಋಣಿಯಾಗಬೇಕು.

ಈ ಋಣಕ್ಕೆ ಇಸ್ಲಾಮ್ ಒಂದು ಲೆಕ್ಕವನ್ನೂ ಇಟ್ಟಿದೆ. ಮಳೆಯಿಂದ ಬೆಳೆದ ಬೆಳೆಯಲ್ಲಿ ಹತ್ತನೇ ಒಂದು ಪಾಲು ಬಡವರ ಹಕ್ಕು. ಶ್ರಮಪಟ್ಟು ನೀರೆತ್ತಿ ಬೆಳೆದುದರಲ್ಲಿ ಇಪ್ಪತ್ತನೇ ಒಂದು ಪಾಲು. ಕೊಳವೆಬಾವಿಗೆ ಸಾಲ ಮಾಡಿದ ರೈತನ ಕಷ್ಟವನ್ನು ಶರೀಅತ್ ಅರಿತಿದೆ. ಹಾಗೆಯೇ, ಮಳೆ ಉಳಿಸಿಕೊಟ್ಟ ಖರ್ಚು ಪೂರ್ತಿ ನಮ್ಮ ಗಂಟಲ್ಲ ಎಂಬುದನ್ನೂ ನೆನಪಿಸಿದೆ. ಝಕಾತನ್ನು ತಡೆಹಿಡಿಯುವ ಜನರಿಂದ ಮಳೆಯೂ ತಡೆಹಿಡಿಯಲ್ಪಡುತ್ತದೆ, ಮೂಕಪ್ರಾಣಿಗಳಿರದಿದ್ದರೆ ಅವರಿಗೆ ಮಳೆಯೇ ಇರುತ್ತಿರಲಿಲ್ಲ ಎಂಬ ಅರ್ಥದ ಪ್ರವಾದಿ ವಚನವಿದೆ. ನಾವು ಹೊಡೆದೋಡಿಸುವ ದನಕರುಗಳ ಪುಣ್ಯದಿಂದ ನಮ್ಮ ಹೊಲ ನೆನೆಯುತ್ತಿರಬಹುದು!

ಬರಗಾಲದಲ್ಲಿ ನಾವು ಮೈದಾನಕ್ಕೆ ಹೋಗಿ ಮಳೆಗಾಗಿ ಎರಡು ರಕಅತ್ ನಮಾಝ್ ನಿರ್ವಹಿಸುತ್ತೇವೆ. ಅದಕ್ಕೆ ಮುಂಚೆ ಪಶ್ಚಾತ್ತಾಪ ಪಡಬೇಕು, ಕಿತ್ತುಕೊಂಡ ಹಕ್ಕುಗಳನ್ನು ಮರಳಿಸಬೇಕು, ದಾನ ಮಾಡಬೇಕು ಎಂದು ವಿದ್ವಾಂಸರು ಹೇಳಿದ್ದಾರೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಸೀಮೆಯ ಗೇಣು ನೆಲಕ್ಕೂ ಬೆಲೆ ಬಂದಿದೆ. ಕೆರೆಯಂಗಳವನ್ನು ಒತ್ತರಿಸಿ, ರಾಜಕಾಲುವೆಗೆ ಮಣ್ಣು ತುಂಬಿಸಿದವನು ಮೈದಾನದಲ್ಲಿ ಕೈಯೆತ್ತಿ ಮಳೆ ಕೇಳಿದರೆ, ಬಂದ ಮಳೆ ನಿಲ್ಲುವುದೆಲ್ಲಿ? ಮೋಡವು ಜಾತಿ, ಮತ ಕೇಳದೆ ಎಲ್ಲರ ಹೊಲದ ಮೇಲೂ ಸುರಿಯುತ್ತದೆ. ಕೆರೆಯೂ ಎಲ್ಲರದು. ಅದನ್ನು ಮುಚ್ಚುವವನು ಇಡೀ ಊರಿನ ನೀರನ್ನು ಕದಿಯುತ್ತಾನೆ.

ಆದುದರಿಂದ ಸಹೋದರ ಸಹೋದರಿಯರೇ, ಮಳೆಗಾಗಿ ಕೈಯೆತ್ತುವ ಮುನ್ನ ಆ ಕೈಯಲ್ಲಿ ಬಡವನ ಪಾಲು ಉಳಿದಿದೆಯೇ, ನೆರೆಯವನ ನೆಲ ಸಿಕ್ಕಿಕೊಂಡಿದೆಯೇ ಎಂದು ನೋಡಿಕೊಳ್ಳೋಣ. ಸರ್ವಶಕ್ತನಾದ ಅಲ್ಲಾಹನು ನಮಗೆ ಪ್ರಯೋಜನಕಾರಿ ಮಳೆಯನ್ನೂ, ಅದರ ಹಕ್ಕನ್ನು ಸಲ್ಲಿಸುವ ಮನಸ್ಸನ್ನೂ ದಯಪಾಲಿಸಲಿ. ಆಮೀನ್.