ಎರಡು ಬೆರಳಿನ ಬುದ್ಧಿ

  

ಕಳೆದ ಭಾನುವಾರದ ಓದಿನಲ್ಲಿ ನಮ್ಮ ಹಿರಿಯಣ್ಣ ಒಬ್ಬರು ಕೇಳಿದ ಪ್ರಶ್ನೆಯನ್ನೇ ಇವತ್ತಿನ ಚಿಂತನೆಗೆ ತೆಗೆದುಕೊಂಡಿದ್ದೇನೆ. "ಧಮ್ಮದಲ್ಲಿ ಗಂಡು ಹೆಣ್ಣು ಅನ್ನೋ ಭೇದವೇ ಇಲ್ಲ ಅಂದ ಮೇಲೆ ನಮಗೆ ಈ ಸ್ತ್ರೀವಾದ ಯಾಕೆ ಬೇಕು ಮೇಡಂ? ಅದು ಯೂನಿವರ್ಸಿಟಿಯವರ ವಿಷಯ ಅಲ್ಲವಾ?" ಒಳ್ಳೆಯ ಪ್ರಶ್ನೆ. ಯೂನಿವರ್ಸಿಟಿಗೆ ಹೋಗುವ ಮೊದಲು ಶ್ರಾವಸ್ತಿಯ ಹತ್ತಿರದ ಅಂಧವನಕ್ಕೆ ಹೋಗಿ ಬರೋಣ.

ಸೋಮಾ ಥೇರಿ ಅಲ್ಲಿ ಮರದಡಿ ಧ್ಯಾನಕ್ಕೆ ಕೂತಿದ್ದಾಗ ಮಾರ ಬರುತ್ತಾನೆ. ಋಷಿಗಳಿಗೂ ಕಷ್ಟವಾದ ಆ ಸ್ಥಿತಿ ಎರಡು ಬೆರಳಿನ ಬುದ್ಧಿಯ ಹೆಂಗಸಿಗೆ ದಕ್ಕುವುದಿಲ್ಲ ಎಂದು ಕೆಣಕುತ್ತಾನೆ. ಎರಡು ಬೆರಳು ಯಾಕೆ? ಹಳೆಯ ಅಟ್ಠಕಥೆಯಲ್ಲಿ ವಿವರಣೆ ಇದೆ. ಏಳೆಂಟು ವರ್ಷದಿಂದಲೇ ಅನ್ನ ಬೇಯಿಸುತ್ತಾ ಬಂದರೂ ಹೆಂಗಸರು ಬೆಂದಿದೆಯೋ ಇಲ್ಲವೋ ತಿಳಿಯಲು ಒಂದು ಅಗುಳು ತೆಗೆದು ಎರಡು ಬೆರಳಲ್ಲಿ ಹಿಸುಕಿಯೇ ನೋಡಬೇಕಂತೆ. ಅಷ್ಟೇ ಅವರ ಬುದ್ಧಿ ಎಂದು ಹಂಗಿಸುವ ಮಾತು ಇದು.

ಈ ಹಂಗಿಕೆ ಹೇಗೆ ಕೆಲಸ ಮಾಡುತ್ತದೆ ನೋಡಿ. ಮೊದಲು ಏಳು ವರ್ಷದ ಹುಡುಗಿಯನ್ನು ಒಲೆ ಮುಂದೆ ಕೂರಿಸುವುದು. ಆಮೇಲೆ ಅವಳ ಬೆರಳಿಗೆ ಅಂಟಿದ ಅಗುಳನ್ನು ತೋರಿಸಿ, ಇವಳ ಹುಟ್ಟುಗುಣವೇ ಇಷ್ಟು ಎನ್ನುವುದು. ಹೊರಿಸಿದ ಕೆಲಸವನ್ನು ಸ್ವಭಾವವೆಂದು ಓದುವುದು. ಸ್ತ್ರೀವಾದಿ ಚಿಂತನೆ ಶುರುವಾಗುವುದೇ ಈ ಓದು ತಪ್ಪು ಎನ್ನುವಲ್ಲಿ. ಫ್ರಾನ್ಸಿನ ಸಿಮೋನ್ ದ ಬೋವಾ 1949ರಲ್ಲಿ ಬರೆದ ದೊಡ್ಡ ಪುಸ್ತಕದ ವಾದವೂ ಇದೇ: ಹೆಣ್ಣುತನ ಹುಟ್ಟಿನಿಂದ ಬಂದದ್ದಲ್ಲ, ಬೆಳೆಸಿದ್ದರಿಂದ ಬಂದದ್ದು. ಇಂಗ್ಲೆಂಡಿನ ಆನ್ ಓಕ್ಲಿ 1972ರಲ್ಲಿ ದೇಹದ ಭೇದ ಬೇರೆ, ಸಮಾಜ ಕಟ್ಟಿದ ಭೇದ ಬೇರೆ ಎಂದು ಬಿಡಿಸಿ ತೋರಿಸಿದರು. ಎರಡನೆಯದಕ್ಕೆ ಜೆಂಡರ್ ಎಂಬ ಹೆಸರು ನಿಂತಿತು. ಕನ್ನಡದಲ್ಲಿ ಎರಡಕ್ಕೂ 'ಲಿಂಗ' ಎಂದೇ ಹೇಳಿ ಬಂದವರು ನಾವು. ಈಗ 'ಲಿಂಗತ್ವ' ಎನ್ನುತ್ತಿದ್ದೇವೆ, ನಾಲಿಗೆಗೆ ಇನ್ನೂ ಸರಿಯಾಗಿ ಹತ್ತಿಲ್ಲ.

ಪದ ಹತ್ತದಿದ್ದರೂ ವಿಷಯ ನಮ್ಮ ಹೊಲದಲ್ಲೇ ಇದೆ. ಗುಂಡ್ಲುಪೇಟೆ ಕಡೆಯ ಅರಿಸಿನದ ಹೊಲಕ್ಕೆ, ಚೆಂಡು ಹೂವಿನ ಹೊಲಕ್ಕೆ ಬೆಳಿಗ್ಗೆ ಆಳು ಕರೆಯುವಾಗ ಲೆಕ್ಕ ಎರಡು: ಗಂಡಾಳು, ಹೆಣ್ಣಾಳು. ಕೂಲಿಯೂ ಎರಡು. ಕೇಳಿದರೆ ಮೂಟೆ ಹೊರುವುದು ಭಾರದ ಕೆಲಸ, ಕಳೆ ಕೀಳುವುದು ಹಗುರದ ಕೆಲಸ ಎನ್ನುತ್ತಾರೆ. ದಿನವಿಡೀ ಸೊಂಟ ಬಗ್ಗಿಸಿ ಕಳೆ ಕಿತ್ತು, ಸಂಜೆ ಸೌದೆ ಹೊರೆ ಹೊತ್ತು ಮನೆಗೆ ಬರುವವಳ ತಲೆಯ ಭಾರ ಈ ಲೆಕ್ಕಕ್ಕೆ ಬರುವುದಿಲ್ಲ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿತ್ತು. ಹೊಲದ ಬದುವಿನವರೆಗೆ ಸಮಾನ ವೇತನ ಇನ್ನೂ ನಡೆದು ಬಂದಿಲ್ಲ.

ಈಗ ಹಿರಿಯಣ್ಣನ ಪ್ರಶ್ನೆಯ ಗಟ್ಟಿ ಭಾಗ. ಮಾರನಿಗೆ ಸೋಮಾ ಕೊಟ್ಟ ಉತ್ತರದ ಸಾರ ಇಷ್ಟು: ಚಿತ್ತ ನೆಲೆಗೊಂಡು ಅರಿವು ಮೂಡಿದ ಮೇಲೆ ಹೆಣ್ಣುತನ ಏನು ಮಾಡೀತು? ನಾನು ಹೆಣ್ಣು, ನಾನು ಗಂಡು ಎಂದು ಹಿಡಿದುಕೊಂಡಿರುವವರ ಹತ್ತಿರ ಹೋಗಿ ಮಾತಾಡು. ಹಾಗಾದರೆ ಹೆಣ್ಣು ಎಂಬುದೇ ಇಲ್ಲವಲ್ಲ, ಹೆಣ್ಣಿನ ಪರ ಮಾತೇಕೆ?

ಇಲ್ಲಿ ನಿಧಾನಿಸಬೇಕು. ಸೋಮಾ ಈ ಮಾತು ಹೇಳಿದ್ದು ಮಾರನಿಗೆ, ತನ್ನನ್ನು ತಡೆಯಲು ಬಂದವನಿಗೆ. ಅದೇ ಮಾತನ್ನು ನಾವು ಹೆಣ್ಣಾಳಿಗೆ ಹೇಳಿದರೆ ತಡೆಯುವವರ ಕಡೆ ನಿಂತಂತೆ. ಪ್ರತೀತ್ಯ ಸಮುತ್ಪಾದ ಕಲಿಸುವುದು ಎಲ್ಲವೂ ಕಾರಣಗಳಿಂದ ಉಂಟಾಗಿದೆ ಎಂದು. ಏನೂ ಆಗಿಲ್ಲ ಎಂದು ಅದು ಎಲ್ಲೂ ಹೇಳುವುದಿಲ್ಲ. ದುಃಖವೂ ಕಾರಣಗಳಿಂದ ಉಂಟಾದದ್ದೇ. ಅದಕ್ಕೇ ಕಾರಣ ಹುಡುಕಿ ಕೀಳಬಹುದು. ನಾಗಾರ್ಜುನರು ಸಂವೃತಿ ಸತ್ಯ, ಪರಮಾರ್ಥ ಸತ್ಯ ಎಂದು ಎರಡಾಗಿ ಹೇಳಿದ್ದು ಒಂದನ್ನು ಇನ್ನೊಂದರಿಂದ ಮುಚ್ಚಲಿಕ್ಕಲ್ಲ. ಪರಮಾರ್ಥದಲ್ಲಿ ಎಲ್ಲ ಶೂನ್ಯ ಎಂದು ಕೂಲಿ ಕಡಿಮೆ ಕೊಟ್ಟರೆ, ಅಂಗಡಿಯವನು ಶೂನ್ಯದ ರೇಟಿಗೆ ಅಕ್ಕಿ ಅಳೆದು ಕೊಡುವುದಿಲ್ಲ.

ಇನ್ನು ಜಾತಿಯ ಮಾತು. ಹೆಂಗಸರ ವಿಷಯ ಆಮೇಲೆ, ಮೊದಲು ಜಾತಿ ಹೋಗಲಿ ಎಂದು ನಮ್ಮವರಲ್ಲೇ ಕೆಲವರು ಹೇಳುತ್ತಾರೆ. ಬಾಬಾಸಾಹೇಬರು ಹಾಗೆ ವಿಂಗಡಿಸಲಿಲ್ಲ. 1916ರ ಮೇ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ, ಜಾತಿ ನಿಂತಿರುವುದೇ ಜಾತಿಯೊಳಗಿನ ಮದುವೆಯ ಮೇಲೆ ಎಂದರು. ಗಂಡ ಸತ್ತ ಹೆಣ್ಣು ಹೊರಗೆ ಮದುವೆಯಾದರೆ ಬೇಲಿ ಮುರಿಯುತ್ತದೆ. ಆದ್ದರಿಂದ ಅವಳನ್ನು ಸುಡಬೇಕು, ಇಲ್ಲವೇ ವಿಧವೆಯಾಗಿ ಕೂಡಿಹಾಕಬೇಕು. ಹೆಂಡತಿ ಸತ್ತ ಗಂಡಿಗೆ ಮಾತ್ರ ಇನ್ನೂ ಪ್ರಾಯಕ್ಕೆ ಬಾರದ ಹುಡುಗಿಯನ್ನು ಹುಡುಕಿ ಕೊಡಬೇಕು. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಮೂರೂ ಜಾತಿಯ ಬೇಲಿಯ ಗೂಟಗಳು. ಆಗ ಅವರಿಗೆ ಇಪ್ಪತ್ತೈದು ವರ್ಷ! ಉಮಾ ಚಕ್ರವರ್ತಿ 1993ರಲ್ಲಿ 'ಬ್ರಾಹ್ಮಣಶಾಹಿ ಪಿತೃಪ್ರಾಧಾನ್ಯ' ಎಂದು ವಿವರಿಸಿದ್ದು ಈ ಜಾಡಿನಲ್ಲೇ. ದಲಿತ ಹೆಣ್ಣಿನ ಮಾತು ಮೇಲ್ಜಾತಿ ಹೆಣ್ಣಿನ ಮಾತಿಗಿಂತ ಬೇರೆ ಎಂದು ಗೋಪಾಲ್ ಗುರು 1995ರಲ್ಲಿ ಬರೆದರು.

ಹಾಗೆಂದು ಎಲ್ಲ ತಪ್ಪನ್ನೂ ಮನುಸ್ಮೃತಿಯ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮ ಮಲೆ ಮಾದೇಶ್ವರನ ಕಾವ್ಯದಲ್ಲಿ ಸಂಕವ್ವನ ಸಾಲು ನೆನಪಿಸಿಕೊಳ್ಳಿ. ಸೋಲಿಗರ ನೀಲೇಗೌಡ ಕಾಡಿಗೆ ಹೊರಡುವ ಮುಂಚೆ ಹೆಂಡತಿಯ ಹತ್ತಿರ ಪಾತಿವ್ರತ್ಯದ ಭಾಷೆ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಅವಳು ತಪ್ಪು ಮಾಡಿರಲಿಲ್ಲ, ಮಾಡುವ ಮನಸ್ಸೂ ಇರಲಿಲ್ಲ. ಭಾಷೆ ಕೊಟ್ಟಿದ್ದರೆ ಹಿಂಸೆ ತಪ್ಪುತ್ತಿತ್ತು. ಆದರೂ ಒಪ್ಪಲಿಲ್ಲ, ಯಾಕೆಂದರೆ ಅನುಮಾನ ಅವನದ್ದು, ಅದಕ್ಕೆ ಪ್ರಮಾಣ ಇವಳೇಕೆ ಮಾಡಬೇಕು? ಕಾಡಿನವನಾದ ನೀಲೇಗೌಡನ ಮನೆಗೂ ಈ ರೋಗ ಹೊಕ್ಕಿತ್ತು. ಕಂಸಾಳೆಯವರು ರಾತ್ರಿಯಿಡೀ ಹಾಡುವಾಗ ಈ ಭಾಗಕ್ಕೆ ಬಂದರೆ ಮುದುಕಿಯರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದನ್ನು ನೋಡಿದ್ದೇನೆ. ಅವರಿಗೆ ಸ್ತ್ರೀವಾದದ ಪೀಠಿಕೆ ಬೇಕಾಗಿರಲಿಲ್ಲ.

ಕೊನೆಗೆ ನಮ್ಮ ಮನೆಯೊಳಗಿನ ವಿಷಯ. ಮಹಾಪ್ರಜಾಪತಿ ಗೋತಮಿ ಮೂರು ಸಲ ದೀಕ್ಷೆ ಕೇಳಿದರೂ ಸಿಗಲಿಲ್ಲ. ತಲೆ ಬೋಳಿಸಿಕೊಂಡು, ಶಾಕ್ಯ ಹೆಂಗಸರ ಜೊತೆ ವೈಶಾಲಿಯವರೆಗೆ ನಡೆದು, ಊದಿದ ಕಾಲಲ್ಲಿ ಬಾಗಿಲಲ್ಲಿ ನಿಂತರು. ಆನಂದ ಅವರ ಪರ ವಾದಿಸಿದ ಮೇಲೆ ದೀಕ್ಷೆ ಸಿಕ್ಕಿತು, ಎಂಟು ಗರುಧಮ್ಮಗಳ ಷರತ್ತಿನೊಂದಿಗೆ. ಮೊದಲನೆಯದು, ನೂರು ವರ್ಷದ ಭಿಕ್ಷುಣಿಯೂ ಅಂದೇ ದೀಕ್ಷೆ ಪಡೆದ ಭಿಕ್ಷುವಿಗೆ ಎದ್ದು ನಮಸ್ಕರಿಸಬೇಕು. ಹೆಂಗಸರನ್ನು ನೋಡಲೇಬೇಡಿ ಎಂದು ಬುದ್ಧರು ಆನಂದನಿಗೆ ಹೇಳಿದರೆನ್ನುವ ಸಂಭಾಷಣೆ ಆಮೇಲೆ ಭಿಕ್ಷುಗಳು ಸೇರಿಸಿದ್ದು ಎಂದು ಬಾಬಾಸಾಹೇಬರು 1951ರಲ್ಲಿ ಮಹಾಬೋಧಿ ಪತ್ರಿಕೆಯಲ್ಲಿ ವಾದಿಸಿದರು. ಗರುಧಮ್ಮಗಳ ಬಗ್ಗೆಯೂ ಹಲವು ವಿದ್ವಾಂಸರಿಗೆ ಇಂಥದೇ ಅನುಮಾನವಿದೆ. ನನಗೂ ಇದೆ. ಆದರೆ ಸೇರಿಸಿದವರು ಹೊರಗಿನವರಲ್ಲವಲ್ಲ, ಚೀವರ ತೊಟ್ಟವರೇ. ಸೇರ್ಪಡೆ ಎಂದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ.

ಹೆಚ್ಚು ಜನ ಓದದ ಒಂದು ಸಂಗತಿ ಚುಲ್ಲವಗ್ಗದಲ್ಲಿ ಅದರ ಹಿಂದೆಯೇ ಇದೆ. ಷರತ್ತು ಒಪ್ಪಿದ ಗೋತಮಿ ಮತ್ತೆ ಬಂದು, ಗಂಡು ಹೆಣ್ಣು ನೋಡದೆ ಹಿರಿತನದ ಪ್ರಕಾರ ನಮಸ್ಕಾರ ನಡೆಯಲಿ ಎಂದು ಕೇಳಿದರು. ಸಿಗಲಿಲ್ಲ. ಆದರೆ ಅವರು ಕೇಳಿದ್ದನ್ನು ಭಿಕ್ಷುಗಳೇ ಬಾಯಿಪಾಠ ಮಾಡಿ ಉಳಿಸಿಕೊಂಡು ಬಂದರು. ನಮ್ಮ ಯಳಂದೂರಿನ ಸಂಚಿ ಹೊನ್ನಮ್ಮ ಪತಿವ್ರತೆಯ ಧರ್ಮ ಹೇಳುವ ಹದಿಬದೆಯ ಧರ್ಮದ ಒಳಗೇ, ಹೆತ್ತ ತಾಯಿಯೂ ಹೆಣ್ಣಲ್ಲವೇ, ಹೆಣ್ಣೆಂದು ಹೀಗಳೆಯುವುದೇಕೆ ಎಂದು ಕೇಳಿಬಿಟ್ಟಂತೆ.

ಈ ಭಾನುವಾರ ಥೇರಿಗಾಥೆಯಲ್ಲಿ ಸೋಮಾ ಮತ್ತು ಗೋತಮಿ ಇಬ್ಬರ ಭಾಗವನ್ನೂ ಓದೋಣ. ಕನ್ನಡ ಅನುವಾದ ಇರುವವರು ತನ್ನಿ. ಅಕ್ಕಂದಿರು ಮುಂದೆ ಕೂತು ಓದಲಿ, ಚಹಾದ ಕೆಲಸ ಈ ಸಲ ಅಣ್ಣಂದಿರದು.

ಭವತು ಸಬ್ಬ ಮಂಗಲಂ.