ಕ್ಷಮೆಯೂ ನ್ಯಾಯಯಾಚನೆಯೂ

ಹೆರಿಗೆಯ ವೇಳೆಯಲ್ಲಿ ಶಿಶುವಿಗೆ ಹಾನಿಯುಂಟಾದಾಗ, ಅಥವಾ ಅಂಗವೈಕಲ್ಯದೊಡನೆಯೇ ಮಗುವೊಂದು ಜನಿಸಿದಾಗ, ಮನೆಯ ಹಿರಿಯರ ಬಾಯಿಂದ ಮೊದಲು ಹೊರಡುವ ಮಾತು ಕರ್ಮದ್ದು, ಎರಡನೆಯದು ಕ್ಷಮೆಯದು. ಪೂರ್ವಾರ್ಜಿತವನ್ನು ಅನುಭವಿಸಿಯೇ ತೀರಬೇಕು, ವೈದ್ಯರ ಮೇಲೆ ದಾವೆ ಹೂಡಿ ಹೊಸ ಕರ್ಮವನ್ನೇಕೆ ಕಟ್ಟಿಕೊಳ್ಳಬೇಕು ಎಂಬ ಪ್ರಶ್ನೆ ಶ್ರಾವಕ ಕುಟುಂಬಗಳಲ್ಲಿ ಸಹಜವಾಗಿಯೇ ಏಳುತ್ತದೆ. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಉಚಿತವಲ್ಲ. ಕೋಪದ ವಶರಾಗಿ ನ್ಯಾಯಾಲಯದ ಮೆಟ್ಟಿಲೇರಿ, ವರ್ಷಾನುಗಟ್ಟಲೆ ಆ ಕೋಪವನ್ನೇ ಉಂಡು ಬದುಕಿದವರನ್ನು ಕಂಡು ಹುಟ್ಟಿದ ಎಚ್ಚರ ಅದರಲ್ಲಿದೆ. ಆದರೆ ಆ ಪ್ರಶ್ನೆಯಲ್ಲಿ ಒಂದು ಸಂಗತಿ ಮರೆಯಾಗುತ್ತದೆ. ಹಾನಿಗೊಳಗಾದುದು ಮಗು, ಕ್ಷಮಿಸಲು ಹೊರಟವರು ತಂದೆತಾಯಿಗಳು.

ಕ್ಷಮೆಯು ನೊಂದವನ ಸ್ವತ್ತು. ತಾಯಿಯು ತನ್ನ ನೋವನ್ನು ಕ್ಷಮಿಸಬಹುದು, ತಂದೆಯು ತಾನು ಕಳೆದುಕೊಂಡ ಹಣವನ್ನೂ ನೆಮ್ಮದಿಯನ್ನೂ ಮರೆಯಬಹುದು. ಅದು ಅವರಿಗೆ ಭೂಷಣವೇ ಸರಿ. ಮಗುವಿನ ದೃಷ್ಟಿಯೋ ಕೈಯ ಶಕ್ತಿಯೋ ಹೋಗಿದ್ದರೆ ಅದನ್ನು ಬಿಟ್ಟುಕೊಡುವ ಅಧಿಕಾರ ಅವರಿಗೆಲ್ಲಿಂದ ಬಂತು? ಬಸದಿಯ ಜಮೀನನ್ನು ಧರ್ಮದರ್ಶಿಯು ತನ್ನ ಔದಾರ್ಯದಿಂದ ಪರರಿಗೆ ದಾನ ಮಾಡಲಾರ, ಅದು ಅವನದಲ್ಲ. ಅವನು ಪಾಲಕ ಮಾತ್ರ. ಮಗುವಿನ ಹಕ್ಕಿನ ವಿಷಯದಲ್ಲಿ ತಂದೆತಾಯಿಗಳ ಸ್ಥಾನವೂ ಅಂತಹುದೇ.

ಚೆನ್ನೈನ ಪ್ರಕರಣವೊಂದನ್ನು ಇಲ್ಲಿ ನೆನೆಯಬೇಕು. 1996ರಲ್ಲಿ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭದ 29ನೆಯ ವಾರದಲ್ಲಿಯೇ ಹೆಣ್ಣು ಶಿಶುವೊಂದು ಜನಿಸಿತು. ತೂಕ 1,250 ಗ್ರಾಂ. ಅವಧಿಗೆ ಮುನ್ನ ಹುಟ್ಟಿದ ಇಂತಹ ಶಿಶುಗಳ ಕಣ್ಣಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ವಿಕಾರವಾಗಿ ಬೆಳೆಯುವ ಅಪಾಯವಿರುತ್ತದೆ. ಹುಟ್ಟಿದ ಕೆಲವೇ ವಾರಗಳಲ್ಲಿ ನೇತ್ರತಜ್ಞರು ಪರೀಕ್ಷಿಸಿದರೆ ದೋಷ ತಿಳಿಯುತ್ತದೆ, ಸಕಾಲದಲ್ಲಿ ಚಿಕಿತ್ಸೆ ನೀಡಿದರೆ ಅನೇಕ ಮಕ್ಕಳ ದೃಷ್ಟಿ ಉಳಿಯುತ್ತದೆ. ಆ ಪರೀಕ್ಷೆ ನಡೆಯಲಿಲ್ಲ, ಅದು ಅಗತ್ಯವೆಂದು ತಂದೆತಾಯಿಗಳಿಗೆ ತಿಳಿಸಲೂ ಇಲ್ಲ. ತಿಳಿಯುವ ಹೊತ್ತಿಗೆ ಕಾಲ ಮೀರಿತ್ತು, ಮಗು ಅಂಧವಾಯಿತು. ರಾಷ್ಟ್ರೀಯ ಗ್ರಾಹಕ ಆಯೋಗವು 5 ಲಕ್ಷ ರೂಪಾಯಿಗಳ ಪರಿಹಾರವನ್ನು ವಿಧಿಸಿತು. ತಂದೆ ಅಷ್ಟಕ್ಕೆ ನಿಲ್ಲಲಿಲ್ಲ. 2015ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆಗಿಹೋದ ವೆಚ್ಚವನ್ನೂ ಮುಂದಿನ ಚಿಕಿತ್ಸೆಯನ್ನೂ ಬೆಲೆಯೇರಿಕೆಯನ್ನೂ ಗಣಿಸಿ ಸುಮಾರು 1 ಕೋಟಿ 80 ಲಕ್ಷ ರೂಪಾಯಿಗಳನ್ನು ನಿಗದಿಪಡಿಸಿತು. ಅಷ್ಟರಲ್ಲಿ ಆ ಶಿಶುವಿಗೆ ಹದಿನೆಂಟು ತುಂಬಿತ್ತು.

ಈ ಮೊತ್ತವನ್ನು ಕೇಳಿ ಲೋಭವೆಂದು ಮೂಗು ಮುರಿಯುವವರು ಒಮ್ಮೆ ಲೆಕ್ಕಕ್ಕೆ ಕೂರಬೇಕು. ನ್ಯಾಯಾಲಯವು ಲೆಕ್ಕ ಹಾಕಿದ್ದು ಒಂದು ಇಡೀ ಆಯುಷ್ಯದ ವೆಚ್ಚವನ್ನು. ಪರಿಗ್ರಹಪರಿಮಾಣವನ್ನು ಪಾಲಿಸುವ ಗೃಹಸ್ಥನೂ ಮಗುವಿನ ಔಷಧಕ್ಕೆ ಬೇಕಾದುದನ್ನು ಪರಿಗ್ರಹವೆಂದು ಎಣಿಸುವುದಿಲ್ಲ.

ಇನ್ನು ಕರ್ಮದ ಮಾತು. ಮಗುವಿಗೆ ಅಸಾತಾವೇದನೀಯದ ಉದಯವಿತ್ತೆಂದು ಒಪ್ಪೋಣವೆಂದರೂ, ನಿಮಿತ್ತನಾದವನ ಅಜಾಗರೂಕತೆ ಅದರಿಂದ ಅಳಿಸಿಹೋಗದು. ಅವನ ಆಸ್ರವ ಅವನದು. ಜ್ವರ ಬಂದಾಗ ವೈದ್ಯನನ್ನು ಕರೆಸುವ ಕುಟುಂಬ, ಕರ್ಮಫಲವನ್ನು ಪುರುಷಾರ್ಥದಿಂದ ಎದುರಿಸಬಹುದೆಂದು ಆಗಲೇ ಒಪ್ಪಿಕೊಂಡಿದೆ. ಮನೆಗೆ ಕಳ್ಳ ನುಗ್ಗಿದರೆ ಪೊಲೀಸ್ ಠಾಣೆಗೆ ಹೋಗುವವರು ಮಗುವಿನ ವಿಷಯದಲ್ಲಿ ಮಾತ್ರ ಕರ್ಮವನ್ನು ನೆನೆಯುವುದು ವಿಚಿತ್ರ. ಅದಕ್ಕಿಂತಲೂ ಖೇದಕರವಾದುದು, ಆ ಸಿದ್ಧಾಂತವನ್ನು ತಾಯಿಯ ಮೇಲೆ ಪ್ರಯೋಗಿಸುವುದು. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು, ಆದ್ದರಿಂದ ಮಗುವಿಗೆ ಸೀಳುತುಟಿಯಾಯಿತು ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಇದಕ್ಕೆ ಶಾಸ್ತ್ರದ ಆಧಾರವೂ ಇಲ್ಲ, ವಿಜ್ಞಾನದ ಆಧಾರವೂ ಇಲ್ಲ. ವೈದ್ಯನನ್ನು ಪ್ರಶ್ನಿಸಲು ಹಿಂಜರಿದ ಮನೆ ಬಾಣಂತಿಯನ್ನು ಪ್ರಶ್ನಿಸಲು ಹಿಂಜರಿಯುವುದಿಲ್ಲ!

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ಪ್ರಾಣಹಾನಿಯೊಡನೆ ಪ್ರಮಾದವನ್ನು ಸೇರಿಸಿದೆ. ಯತ್ನಾಚಾರದಿಂದ ನಡೆದವನ ಕಾಲಡಿಯಲ್ಲಿ ಜೀವಿಯೊಂದು ಸತ್ತರೂ ಅವನಿಗೆ ಹಿಂಸೆಯ ದೋಷವಿಲ್ಲ, ಎಚ್ಚರಗೆಟ್ಟವನಿಗೆ ದೋಷವಿದೆ. ನ್ಯಾಯಾಲಯಗಳು ‘ನಿರ್ಲಕ್ಷ್ಯ’ ಎಂದು ಕರೆಯುವುದಕ್ಕೆ ಇಷ್ಟು ಸಮೀಪವಾದ ಪದ ಬೇರೊಂದಿಲ್ಲ. ಫಲಿತಾಂಶ ಕೆಟ್ಟಿತೆಂಬ ಕಾರಣಕ್ಕೆ ಕಾನೂನು ವೈದ್ಯನನ್ನು ದೂಷಿಸುವುದಿಲ್ಲ. ಸಾಮಾನ್ಯ ದಕ್ಷತೆಯ ವೈದ್ಯನೊಬ್ಬನು ಆ ಸನ್ನಿವೇಶದಲ್ಲಿ ವಹಿಸಬೇಕಾದ ಎಚ್ಚರವನ್ನು ಇವನು ವಹಿಸಿದನೇ ಎಂಬುದಷ್ಟೇ ಅದರ ಪ್ರಶ್ನೆ. ಸೆರೆಮನೆಗೆ ಕಳುಹಿಸುವ ಮಾತಂತೂ ಬೇರೆಯೇ. ಘೋರ ನಿರ್ಲಕ್ಷ್ಯವಿಲ್ಲದೆ ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2005ರಲ್ಲಿಯೇ ತೀರ್ಮಾನಿಸಿದೆ. ಪರಿಹಾರ ಕೇಳುವುದೆಂದರೆ ದಂಡಿಸುವುದಲ್ಲ.

ಆದುದರಿಂದ ದೂರಿಗೆ ಮೊದಲು ಸತ್ಯಾನ್ವೇಷಣೆ ನಡೆಯಬೇಕು. ಜನ್ಮಜಾತ ವೈಕಲ್ಯಗಳಲ್ಲಿ ಬಹುಪಾಲು ಯಾರ ತಪ್ಪಿನಿಂದಲೂ ಆದವುಗಳಲ್ಲ. ಸೆರೆಬ್ರಲ್ ಪಾಲ್ಸಿ ಎಂಬ ಮಿದುಳಿನ ಹಾನಿಯು ಹೆರಿಗೆಯಲ್ಲಿ ಉಸಿರುಕಟ್ಟಿದುದರಿಂದಲೇ ಬರುತ್ತದೆಂಬ ನಂಬಿಕೆ ವ್ಯಾಪಕವಾಗಿದ್ದರೂ, ಹಾಗೆ ಬರುವುದು ಕೆಲವರಲ್ಲಿ ಮಾತ್ರ. ಹೆಚ್ಚಿನವರಲ್ಲಿ ಅಕಾಲ ಜನನ, ಗರ್ಭದಲ್ಲಿದ್ದಾಗ ತಗಲಿದ ಸೋಂಕು ಮುಂತಾದವು ಕಾರಣವಾಗಿರುತ್ತವೆ. ಹೆರಿಗೆಯಲ್ಲಿ ಭುಜ ಸಿಲುಕಿ ತೋಳಿನ ನರಗಳು ಸೆಳೆಯಲ್ಪಟ್ಟ ಶಿಶುಗಳಲ್ಲಿ ಅನೇಕವು ಕೆಲವು ತಿಂಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತವೆ. ಇದನ್ನು ತಿಳಿಯದೆ ಹೊರಿಸುವ ಮಿಥ್ಯಾರೋಪ ಸತ್ಯಾಣುವ್ರತಕ್ಕೆ ಕಳಂಕ. ಅಂತೆಯೇ ಘಟನೆಯ ನಂತರ ಆಸ್ಪತ್ರೆಯ ದಾಖಲೆಯನ್ನು ತಿದ್ದಿ ಬರೆಯುವುದು, ಆ ವ್ರತದ ಅತಿಚಾರಗಳಲ್ಲಿ ಹೆಸರಿಸಲಾದ ಕೂಟಲೇಖಕ್ರಿಯೆಯೇ ಆಗಿದೆ.

ಸತ್ಯವು ದೊರೆಯುವುದು ಆ ದಾಖಲೆಗಳಲ್ಲಿ. ಶಿಶುವಿನ ಎದೆಬಡಿತವನ್ನು ಎಷ್ಟು ಹೊತ್ತಿಗೊಮ್ಮೆ ನೋಡಿದರು, ಶಸ್ತ್ರಕ್ರಿಯೆಯ ನಿರ್ಧಾರ ಯಾವಾಗ ಆಯಿತು, ಹುಟ್ಟಿದೊಡನೆ ಮಗು ಅತ್ತಿತೇ ಎಂಬುದೆಲ್ಲ ಅಲ್ಲಿರಬೇಕು. ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು, ಕೇಳಿದ 72 ಗಂಟೆಗಳೊಳಗೆ ಕೊಡಬೇಕು ಎಂಬುದು ವೈದ್ಯರ ನಡತೆಯನ್ನು ಕುರಿತ 2002ರ ನಿಯಮಾವಳಿಯ ವಿಧಿ. ಕುಟುಂಬವು ಇದನ್ನು ಲಿಖಿತವಾಗಿ, ಸೌಜನ್ಯದಿಂದ ಕೇಳಿದರೆ ಸಾಕು. ಎಷ್ಟೋ ಸಲ ದಾಖಲೆಯನ್ನು ಓದಿದ ಬೇರೊಬ್ಬ ತಜ್ಞರ ವಿವರಣೆಯಿಂದಲೇ ಅನುಮಾನ ನಿವಾರಣೆಯಾಗಿ ದೂರಿನ ಅಗತ್ಯವೇ ಇಲ್ಲವಾಗುತ್ತದೆ.

ಅನುಮಾನ ಉಳಿದರೆ ದಾರಿಯೂ ಇದೆ. ಸೇವೆಗೆ ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ವಾದಿಸಬಹುದು. ಆದರೆ ಎರಡು ವರ್ಷದೊಳಗೆ ದೂರು ಸಲ್ಲಬೇಕು. ತಡವಾದರೆ ಸಕಾರಣವನ್ನು ತೋರಿಸಬೇಕಾಗುತ್ತದೆ, ಅದನ್ನು ಮನ್ನಿಸುವುದು ಆಯೋಗದ ವಿವೇಚನೆಗೆ ಬಿಟ್ಟದ್ದು. ಕ್ಷಮಿಸಬೇಕೋ ಬೇಡವೋ ಎಂಬ ಚರ್ಚೆಯಲ್ಲಿಯೇ ಈ ಅವಧಿ ಕಳೆದುಹೋಗಬಾರದು. ಹಣವಿಲ್ಲದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮ ನೆರವಾಗುತ್ತದೆ. ಸ್ತ್ರೀಯರು, ಮಕ್ಕಳು ಮತ್ತು ಅಂಗವಿಕಲರಿಗೆ ಆದಾಯವನ್ನು ನೋಡದೆ ಉಚಿತ ವಕೀಲರನ್ನು ಒದಗಿಸಬೇಕೆಂದು ಅದರ 12ನೆಯ ಕಲಮು ಹೇಳುತ್ತದೆ. ಇದಕ್ಕೆ ಅರ್ಜಿ ಸಲ್ಲಿಸಬೇಕಾದುದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ.

ಔಷಧದಾನದ ಹೆಸರಿನಲ್ಲಿ ಆಸ್ಪತ್ರೆಗಳನ್ನು ನಡೆಸುವ ಟ್ರಸ್ಟುಗಳಿಗೂ ಇಲ್ಲೊಂದು ಪಾಠವಿದೆ. ಭಾರತೀಯ ವೈದ್ಯಕೀಯ ಸಂಘದ ಮೊಕದ್ದಮೆಯಲ್ಲಿ 1995ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಚಿಕಿತ್ಸೆ ನೀಡುವ ಕಡೆ ಉಚಿತವಾಗಿ ಪಡೆದವನೂ ಗ್ರಾಹಕನೇ ಎಂದು ಹೇಳಿತು. ದಾನವಾಗಿ ಕೊಟ್ಟ ಚಿಕಿತ್ಸೆಯಲ್ಲಿ ಎಚ್ಚರ ಕಡಿಮೆಯಿದ್ದರೂ ನಡೆಯುತ್ತದೆಂಬ ಭಾವನೆಗೆ ಅಲ್ಲಿ ಎಡೆಯಿಲ್ಲ.

ಯಾರದೂ ತಪ್ಪಿಲ್ಲದೆ ವೈಕಲ್ಯದೊಡನೆ ಹುಟ್ಟಿದ ಮಕ್ಕಳ ಪಾಡೇನು? ಅವರಿಗೆ ನ್ಯಾಯಾಲಯದಿಂದ ಏನೂ ದೊರೆಯದು. ಅವರ ಅಗತ್ಯ ಮಾತ್ರ ಕಿಂಚಿತ್ತೂ ಕಡಿಮೆಯಲ್ಲ. ಟ್ರಸ್ಟುಗಳ ಕೆಲಸ ವಾಸ್ತವವಾಗಿ ಇಲ್ಲಿಯೇ ಹೆಚ್ಚು. ಮಕ್ಕಳ ಜನ್ಮದೋಷಗಳನ್ನು ಪತ್ತೆಹಚ್ಚಿ ಚಿಕಿತ್ಸೆಗೆ ಕಳುಹಿಸುವ ಕೇಂದ್ರ ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದ ಅಡಿಯಲ್ಲಿ ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ ಮತ್ತು ಬಹುವೈಕಲ್ಯವುಳ್ಳವರಿಗಾಗಿ ‘ನಿರಾಮಯ’ ಎಂಬ ಆರೋಗ್ಯ ವಿಮೆಯಿದೆ. ಅದೇ ಅಧಿನಿಯಮದ ಪ್ರಕಾರ, ಇಂತಹವರು ಹದಿನೆಂಟು ದಾಟಿದ ಮೇಲೆ ಅವರಿಗೆ ಪೋಷಕರನ್ನು ನೇಮಿಸುವ ಸ್ಥಳೀಯ ಸಮಿತಿಯೊಂದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿರುತ್ತದೆ. ‘ನಮ್ಮ ನಂತರ ಈ ಮಗುವಿಗೆ ಯಾರು?’ ಎಂದು ರಾತ್ರಿಯಿಡೀ ಎಚ್ಚರವಿರುವ ವೃದ್ಧ ತಂದೆತಾಯಿಗಳಲ್ಲಿ ಅನೇಕರಿಗೆ ಈ ಸಮಿತಿಯ ಇರವೇ ತಿಳಿದಿಲ್ಲ. ಬಸದಿಯ ಕಚೇರಿಯಲ್ಲಿ ತಿಂಗಳಿಗೊಂದು ದಿನ ವಕೀಲರೊಬ್ಬರೂ ವೈದ್ಯರೊಬ್ಬರೂ ಕುಳಿತು ಅವರ ಅರ್ಜಿಗಳನ್ನು ಬರೆದುಕೊಡಲು ದೊಡ್ಡ ನಿಧಿಯೇನೂ ಬೇಕಾಗಿಲ್ಲ; ಒಂದು ಮೇಜು, ಎರಡು ಕುರ್ಚಿ ಸಾಕು.